ಭ್ರಾಂತಿ ಬೇರೆ, ಕಲ್ಪನೆ ಬೇರೆ

ಇಂಗ್ಲಿಷ್ ಭಾಷೆಯನ್ನು ಕಲಿಯುವ ನಮ್ಮ ಹುಡುಗರಿಗೆ ಎಂದಾದರೊಂದು ದಿನ ಐದು ಶಬ್ದಗಳು ಎದುರಾಗದೆ ಇರುವದಿಲ್ಲ: ಇಮ್ಯಾಜಿನೇಶನ್, ಫ್ಯಾನ್ಸಿ, ಇಲ್ಯೂಜನ್, ಡಿಲ್ಯೂಜನ್, ಹ್ಯಾಲ್ಯೂಸಿನೇಶನ್. ಈ ಐದಕ್ಕೂ ತರಗತಿಯಲ್ಲಿ ಹೇಳಿಕೊಡುವ ಕನ್ನಡ ಅರ್ಥಗಳು ಸಾಮಾನ್ಯವಾಗಿ ಎರಡೇ. ಮೊದಲೆರಡಕ್ಕೆ 'ಕಲ್ಪನೆ', ಉಳಿದ ಮೂರಕ್ಕೆ 'ಭ್ರಮೆ'. ಅವಸರವಿದ್ದ ದಿನ ಐದಕ್ಕೂ 'ಕಲ್ಪನೆ'ಯೊಂದೇ ಸಾಕಾಗುವದುಂಟು. ನಾನೂ ಹಾಗೆಯೇ ಕಲಿತವನು. ಆ ಕಲಿಕೆಯ ದೆಸೆಯಿಂದ ನಮ್ಮ ಮನೆಯಲ್ಲಿಯೇ ಒಬ್ಬರ ಮನಸ್ಸು ನೊಂದ ಸಂಗತಿಯನ್ನು ಮುಂದೆ ಹೇಳುವೆನು. ಅದಕ್ಕಿಂತ ಮೊದಲು ಈ ಶಬ್ದಗಳ ಚರಿತ್ರೆಯನ್ನು ಸ್ವಲ್ಪ ಶೋಧಿಸಿ ನೋಡೋಣ. ಯಾಕಂದರೆ ಇಲ್ಲದ್ದು ಇದ್ದಂತೆ ತೋರುವದರ ವಿಚಾರವು ಶಿರಸಿ ಸೀಮೆಗೆ ಹೊಸದಲ್ಲ.

ಇಂಗ್ಲಿಷಿನವರ ಮನೆಯಿಂದಲೇ ಆರಂಭಿಸುವದು ಲೇಸು. ಈ ಶಬ್ದಗಳಲ್ಲಿ ಒಂದೂ ಅವರ ಸ್ವಂತದ್ದಲ್ಲ. ಎಲ್ಲವೂ ಲ್ಯಾಟಿನ್ ಗ್ರೀಕ್ ಭಾಷೆಗಳಿಂದ ಕಡ ತಂದವುಗಳು. ಇಮ್ಯಾಜಿನೇಶನ್ ಎಂಬದರ ಮೂಲದಲ್ಲಿ 'ಪ್ರತಿಬಿಂಬ' ಎಂಬರ್ಥದ ಲ್ಯಾಟಿನ್ ಪದವಿದೆ. ಇಲ್ಯೂಜನ್, ಡಿಲ್ಯೂಜನ್ ಎರಡೂ 'ಆಡು' ಎಂಬರ್ಥದ ಒಂದೇ ಧಾತುವಿನ ಮಕ್ಕಳು. ಲೋಕವು ಲೀಲೆಯೆಂದು ಹೇಳುವ ನಮಗೆ ಇದು ವಿಚಿತ್ರವೆನಿಸಲಾರದು. ಫ್ಯಾನ್ಸಿಯು ಗ್ರೀಕರ 'ಫಾಂತಸಿಯಾ'ದ ಸವೆದ ರೂಪ. ಆ ಹೆಸರು ಬೆಳಕನ್ನು ಹೇಳುವ 'ಫಾವೊಸ್' ಎಂಬದರಿಂದ ಬಂದಿತೆಂದು ಅರಿಸ್ಟಾಟಲನು ಹೇಳಿದ್ದಾನೆ. ಆ ಗ್ರೀಕ್ ಪದವೂ ನಮ್ಮ 'ಭಾಸ', 'ಆಭಾಸ'ಗಳಲ್ಲಿರುವ ಧಾತುವೂ ಒಂದೇ ಬೇರಿನವೆಂಬದು ಭಾಷಾಶಾಸ್ತ್ರಜ್ಞರ ಮತ. ಕಡೆಯ ಶಬ್ದವಾದ ಹ್ಯಾಲ್ಯೂಸಿನೇಶನ್ ಎಂಬದಕ್ಕೆ ಲ್ಯಾಟಿನ್ನಿನಲ್ಲಿ 'ಮನಸ್ಸು ಅಲೆದಾಡುವದು' ಎಂದರ್ಥವು. ನಮ್ಮ 'ಭ್ರಮೆ'ಯೂ ಸುತ್ತುವದು, ಅಲೆಯುವದು ಎಂಬರ್ಥದ ಧಾತುವಿನಿಂದಲೇ ಹುಟ್ಟಿದೆ. ಇಬ್ಬರಿಗೂ ತಪ್ಪು ಕಾಣುವವನ ಮನಸ್ಸು ಕಾಲ್ದಾರಿ ತಪ್ಪಿದಂತೆ ತೋರಿತು!

ಕಣ್ಣಿನ ಕೆಡಕು ಎಂಬರ್ಥದಲ್ಲಿ ಈ ಶಬ್ದವನ್ನು ಇಂಗ್ಲಿಷಿನಲ್ಲಿ ಬಳಸಿದವನು ಸರ್ ಥಾಮಸ್ ಬ್ರೌನ್ ಎಂಬ ವೈದ್ಯನು. ಜನರ ಮೂಢನಂಬಿಕೆಗಳನ್ನು ಕುರಿತು 1646ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ ಅದು ಬಂದಿದೆ. ಆದರೆ ಅದಕ್ಕೆ ಖಚಿತವಾದ ಮೇರೆ ಹಾಕಿದವನು ಫ್ರಾನ್ಸ್ ದೇಶದ ಎಸ್ಕಿರೋಲ್. ಇಂದ್ರಿಯಕ್ಕೆ ಎದುರಾಗಿ ಹೊರಗೆ ಯಾವ ವಸ್ತುವೂ ಇಲ್ಲದಿರುವಾಗಲೂ ತಾನು ಕಾಣುತ್ತಲಿದ್ದೇನೆ, ಕೇಳುತ್ತಲಿದ್ದೇನೆ ಎಂಬ ನಿಜವಾದ ನಿಶ್ಚಯವು ಒಬ್ಬನಿಗಿದ್ದರೆ ಅದು ಹ್ಯಾಲ್ಯೂಸಿನೇಶನ್; ಹೊರಗೆ ವಸ್ತುವಿದ್ದು ಅದನ್ನು ಬೇರೊಂದಾಗಿ ತಿಳಿದರೆ ಅದು ಇಲ್ಯೂಜನ್ ಎಂದು ಅವನು ವಿಂಗಡಿಸಿದನು. 1817ರಲ್ಲಿ ಅಚ್ಚಾದ ಫ್ರೆಂಚ್ ವೈದ್ಯಕೋಶದಲ್ಲಿ ಅವನ ಲೇಖವಿದೆ. ಅದೇ 1817ರಲ್ಲಿಯೇ ಇಂಗ್ಲೆಂಡಿನಲ್ಲಿ ಕೋಲ್‌ರಿಜ್ ಕವಿಯು ತನ್ನ ಸಾಹಿತ್ಯಚರಿತೆಯನ್ನು ಪ್ರಕಟಿಸಿ, ಇಮ್ಯಾಜಿನೇಶನ್ ಬೇರೆ ಫ್ಯಾನ್ಸಿ ಬೇರೆ ಎಂದು ಸಾರಿದನು. ಮೊದಲನೆಯದು ಒಡೆದು ಕರಗಿಸಿ ಹೊಸದನ್ನು ಸೃಜಿಸುವ ಶಕ್ತಿ. ಎರಡನೆಯದು ನೆನಪಿನ ಸರಕನ್ನು ಅತ್ತಿತ್ತ ಜೋಡಿಸುವ ಚಾತುರ್ಯ. ಒಬ್ಬ ಹುಚ್ಚರ ವೈದ್ಯ, ಒಬ್ಬ ಕವಿ. ಒಬ್ಬರ ಕೆಲಸ ಮತ್ತೊಬ್ಬರಿಗೆ ತಿಳಿಯದೆ ಒಂದೇ ವರ್ಷ ಇಬ್ಬರೂ ಮನಸ್ಸಿನ ಹೊಲಕ್ಕೆ ಬದು ಹಾಕಿದರು.

ಎಸ್ಕಿರೋಲನ ವಿಂಗಡಣೆಯನ್ನು ತಿಳಿಯಲಿಕ್ಕೆ ನಮ್ಮ ಯಕ್ಷಗಾನದ ಪ್ರೇಕ್ಷಕನಿಗೆ ಫ್ರೆಂಚ್ ವೈದ್ಯಕೋಶವು ಬೇಕಾಗಿಲ್ಲ. ಮಯಸಭೆಯಲ್ಲಿ ದುರ್ಯೋಧನನು ಸ್ಫಟಿಕದ ನೆಲವನ್ನು ನೀರೆಂದು ಬಗೆದು ಉಡುಪನ್ನೆತ್ತಿ ಹಿಡಿಯುತ್ತಾನೆ. ನೀರನ್ನು ನೆಲವೆಂದು ಬಗೆದು ಬೀಳುತ್ತಾನೆ. ಇಲ್ಲಿ ನೆಲವೂ ಇದೆ, ನೀರೂ ಇದೆ. ತಪ್ಪಿದ್ದು ತಿಳಿವಳಿಕೆ ಮಾತ್ರ. ಇದು ಇಲ್ಯೂಜನ್. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ತನ ಕಣ್ಣೆದುರಿನ ಗಾಳಿಯಲ್ಲಿ ತೂಗುವ ಕಠಾರಿಯಾದರೋ ಹಾಗಲ್ಲ. ಅಲ್ಲಿ ಕಠಾರಿಯೆಂದು ತಪ್ಪಾಗಿ ತಿಳಿಯಲಿಕ್ಕೆ ಒಂದು ಕಡ್ಡಿಯೂ ಇರಲಿಲ್ಲ. ಅದು ಹ್ಯಾಲ್ಯೂಸಿನೇಶನ್. ಇನ್ನು ಡಿಲ್ಯೂಜನ್ನಿಗೆ ಕಣ್ಣು ಕಿವಿಗಳ ಕೆಲಸವೇ ಇಲ್ಲ. ನೆರೆಯವರೆಲ್ಲರೂ ತನಗೆ ವಿಷವಿಕ್ಕಲು ಹವಣಿಸಿದ್ದಾರೆಂಬ, ಯಾವ ಪುರಾವೆಗೂ ಅಲುಗದ ನಂಬಿಕೆಯು ಅದು. ಮೇಳದವರು ಒಂದು ಬರಿಯ ರಂಗಸ್ಥಳದಲ್ಲಿ ಪರದೆಯಿಲ್ಲದೆ, ಗಿಡವೊಂದನ್ನೂ ನೆಡದೆ, ಖಾಂಡವವನವನ್ನು ನಮ್ಮ ಮುಂದೆ ಉರಿಸುತ್ತಾರಲ್ಲ, ಅದೇ ಇಮ್ಯಾಜಿನೇಶನ್. ಬೆಳಗಾದ ಮೇಲೆ ಅಲ್ಲಿ ಬೂದಿಯನ್ನು ಹುಡುಕಲು ಯಾರೂ ಹೋಗುವದಿಲ್ಲ.

ಈಗ ನಮ್ಮ ಸೋದೆಗೆ ಬರೋಣ. ಶಿರಸಿ ತಾಲೂಕಿನ ಈ ಹಳೆಯ ರಾಜಧಾನಿಯ ಸೀಮೆಯಲ್ಲಿ ಮೂರು ಮಠಗಳಿರುವದು ವಾಚಕರಿಗೆ ವಿದಿತವೇ ಇದೆ: ಅಕಲಂಕ ಪರಂಪರೆಯ ಸ್ವಾದಿ ಜೈನಮಠ, ವಾದಿರಾಜರ ವೃಂದಾವನವಿರುವ ಮಾಧ್ವಮಠ, ಅದ್ವೈತಿಗಳ ಸ್ವರ್ಣವಲ್ಲೀ ಮಠ. ಯಾತ್ರಿಕರು ಒಂದೇ ದಿನದಲ್ಲಿ ಮೂರನ್ನೂ ಸಂದರ್ಶಿಸಿ ಪ್ರಸಾದವನ್ನು ಕಟ್ಟಿಕೊಂಡು ಮರಳುತ್ತಾರೆ. ಆದರೆ ಈ ಮೂರು ಸಂಪ್ರದಾಯಗಳ ಶಾಸ್ತ್ರಗಳು ಒಂದು ಚಿಪ್ಪಿನ ಚೂರನ್ನು ಮುಂದಿಟ್ಟುಕೊಂಡು ಶತಮಾನಗಳ ಕಾಲ ವಾದಿಸಿವೆ. ಬಿಸಿಲಿನಲ್ಲಿ ಹೊಳೆಯುವ ಕಪ್ಪೆಚಿಪ್ಪನ್ನು ನೋಡಿ ಒಬ್ಬನು 'ಬೆಳ್ಳಿ' ಎಂದು ಬಾಗಿ ಎತ್ತಿಕೊಳ್ಳುತ್ತಾನೆ. ಅವನಿಗೆ ಕಂಡ ಆ ಬೆಳ್ಳಿಯು ಎಲ್ಲಿತ್ತು?

ಅದ್ವೈತಿಗಳು ಹೇಳುವದೇನಂದರೆ: ಆ ಬೆಳ್ಳಿ ಇತ್ತೆನ್ನುವಂತಿಲ್ಲ, ಯಾಕಂದರೆ ಚಿಪ್ಪೆಂದು ತಿಳಿದೊಡನೆ ಅದು ಬಾಧಿತವಾಯಿತು, ಇರಲಿಲ್ಲವೆನ್ನುವಂತೆಯೂ ಇಲ್ಲ, ಯಾಕಂದರೆ ಮೊಲದ ಕೋಡು ಯಾರಿಗೂ ಎಂದೂ ಕಾಣುವದಿಲ್ಲ, ಇದಾದರೋ ಕಂಡಿತು. ಆದಕಾರಣ ಅದು ಅನಿರ್ವಚನೀಯ. ಮಾಧ್ವರು ಒಪ್ಪುವದಿಲ್ಲ. ಚಿಪ್ಪು ಸತ್ಯ, ಕಣ್ಣೂ ಸತ್ಯ. ಕಣ್ಣಿನ ದೋಷದಿಂದ ಚಿಪ್ಪು ಬೆಳ್ಳಿಯಾಗಿ ತೋರಿತು. ಅಲ್ಲಿದ್ದ ಬೆಳ್ಳಿಯಾದರೋ ಶುದ್ಧ ಅಸತ್ತು, ಅಸತ್ತೂ ತೋರಬಲ್ಲದು ಎಂದು ಅವರ ಪಟ್ಟು. ಜೈನರು ಇದನ್ನು ವಿಪರ್ಯಯವೆನ್ನುತ್ತಾರೆ. ಒಂದು ವಸ್ತುವು ತನಗೆ ವಿಪರೀತವಾದ ರೂಪದಲ್ಲಿ ತಿಳಿದುಬರುವದೇ ಅದರ ಲಕ್ಷಣ. ಸಂಶಯ, ವಿಪರ್ಯಯ, ಅನಧ್ಯವಸಾಯ ಎಂಬ ಮೂರು ದೋಷಗಳಲ್ಲಿ ಅದನ್ನೂ ಎಣಿಸಿದ್ದಾರೆ. ಈ ವಾದದಲ್ಲಿ ಗೆದ್ದವರಾರೆಂಬದು ನನ್ನ ಪ್ರಕೃತ ವಿಷಯವಲ್ಲ. ಮೂವರಲ್ಲಿ ಯಾರೊಬ್ಬರೂ ಬೆಳ್ಳಿಯನ್ನು ಕಂಡ ಆ ಬಡಪಾಯಿಯನ್ನು ಸುಳ್ಳುಗಾರನೆನ್ನಲಿಲ್ಲವೆಂಬದನ್ನು ಮಾತ್ರ ವಾಚಕರು ಗಮನಿಸಬೇಕು. ಅವನಿಗೆ ಕಂಡದ್ದಂತೂ ಹೌದು ಎಂಬಲ್ಲಿಂದಲೇ ಮೂವರ ವಾದವೂ ಹೊರಡುತ್ತದೆ.

ಇದಕ್ಕೂ ಹಿಂದಿನ ಒಂದು ಮಾತು. 7ನೆಯ ಶತಮಾನದ ಬೌದ್ಧ ತಾರ್ಕಿಕನಾದ ಧರ್ಮಕೀರ್ತಿಯು ಪ್ರತ್ಯಕ್ಷಕ್ಕೆ ಲಕ್ಷಣವನ್ನು ಹೇಳುವಾಗ, ಅದರಲ್ಲಿ ಕಲ್ಪನೆಯೂ ಇರಕೂಡದು, ಭ್ರಾಂತಿಯೂ ಇರಕೂಡದು ಎಂದು ಎರಡು ಷರತ್ತುಗಳನ್ನು ಬೇರೆಬೇರೆಯಾಗಿ ಇಟ್ಟನು. ಅವನಿಗೆ ಕಲ್ಪನೆಯೆಂದರೆ ನಾಮಜಾತ್ಯಾದಿಗಳನ್ನು ವಸ್ತುವಿಗೆ ಹೊಂದಿಸುವ ಮನೋವ್ಯಾಪಾರ. ಕಣ್ಣಿಗೆ ತಿಮಿರರೋಗ ಬಂದವನಿಗೆ ಆಕಾಶದಲ್ಲಿ ಎರಡು ಚಂದ್ರರು ಕಾಣುತ್ತಾರೆ. ಅದು ಅವನ ಮನಸ್ಸು ಹೊಂದಿಸಿದ್ದಲ್ಲ, ಇಂದ್ರಿಯದಲ್ಲಿಯೇ ಮೂಡಿದ ಭ್ರಾಂತಿಯು. ಈ ಧರ್ಮಕೀರ್ತಿಯನ್ನು ಎದುರಿಸಿ 8ನೆಯ ಶತಮಾನದಲ್ಲಿ ತರ್ಕಗ್ರಂಥಗಳನ್ನು ಬರೆದ ಜೈನಾಚಾರ್ಯನೇ ಅಕಲಂಕನು. ಸೋದೆಯ ಜೈನಪೀಠದವರು ಧರಿಸುತ್ತ ಬಂದಿರುವ ಹೆಸರು ಅವನದು. ಭಟ್ಟಾಕಲಂಕನೆಂಬ ಅದೇ ಹೆಸರಿನ ಪಂಡಿತನು 1604ರಲ್ಲಿ 592 ಸಂಸ್ಕೃತ ಸೂತ್ರಗಳಿಂದ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿ, ಕನ್ನಡವೂ ಶಾಸ್ತ್ರಕ್ಕೆ ತಕ್ಕ ಭಾಷೆಯೆಂದು ಸ್ಥಾಪಿಸಿದನು. ಇಂಥ ನಾಡಿನಲ್ಲಿ ಕಲ್ಪನೆಗೂ ಭ್ರಾಂತಿಗೂ ಅಂತರವು ತಿಳಿಯದೆ ಹೋದದ್ದು ಹೇಗೆ?

ಶಬ್ದದಾರಿದ್ರ್ಯದಿಂದಂತೂ ಅಲ್ಲ. ಸಂಸ್ಕೃತವನ್ನು ಬದಿಗಿಟ್ಟರೂ ಕನ್ನಡದ ಸ್ವಂತ ಬೊಕ್ಕಸದಲ್ಲಿ ಎಷ್ಟು ಪದಗಳಿವೆ! ಗಾರುಡಿಗನು ಮಾಡುವದು ಕಣ್ಕಟ್ಟು. ನಿದ್ರೆಯಲ್ಲಿ ಆಡುವದು ಕನವರಿಕೆ. ಬೇಸಗೆಯ ನೆಲದ ಮೇಲೆ ಓಡುವ ಹುಸಿನೀರಿಗೆ ಹಳೆಯ ಕವಿಗಳು ಬಿಸಿಲ್ಗುದುರೆ ಎಂದರು. ಸಂಸ್ಕೃತವು ಅಲ್ಲಿ ಬಾಯಾರಿದ ಜಿಂಕೆಯನ್ನು ಕಂಡಿತು, ಕನ್ನಡವು ಕುದುರೆಯನ್ನು ಕಂಡಿತು. (ಈ ಶಬ್ದವು ಬಯಲುಸೀಮೆಯಲ್ಲಿಯೇ ಹುಟ್ಟಿರಬೇಕು. ನಮ್ಮ ಅಡಕೆ ತೋಟಗಳ ಕಣಿವೆಯಲ್ಲಿ ಬಿಸಿಲು ನೆಲಕ್ಕೆ ತಲುಪುವದೇ ದುರ್ಲಭ. ಮುಂಡಗೋಡ ದಾಟಿ ಹುಬ್ಬಳ್ಳಿಯ ಡಾಂಬರು ರಸ್ತೆ ಹಿಡಿದ ಮೇಲೆಯೇ ನಮಗೆ ಆ ಕುದುರೆಯ ದರ್ಶನ.) ಇವೆಲ್ಲಕ್ಕಿಂತ ಕುತೂಹಲಕರವಾದದ್ದು 'ಮರುಳ್' ಎಂಬ ಶಬ್ದ. ಹಳಗನ್ನಡದಲ್ಲಿ ಅದಕ್ಕೆ ಹುಚ್ಚು ಎಂದೂ ಅರ್ಥ, ಪಿಶಾಚ ಎಂದೂ ಅರ್ಥ. ರನ್ನನ ಗದಾಯುದ್ಧದಲ್ಲಿ ರಣಭೂಮಿಯ ಮರುಳೊಂದು ದುರ್ಯೋಧನನನ್ನು ಹಂಗಿಸುವಾಗ ಕವಿಯು ಈ ಎರಡು ಅರ್ಥಗಳೊಡನೆಯೇ ಆಡಿದ್ದಾನೆ. ರೋಗಕ್ಕೂ ದೆವ್ವಕ್ಕೂ ಒಂದೇ ಹೆಸರಿದ್ದಲ್ಲಿ, ರೋಗಿಯನ್ನು ವೈದ್ಯನ ಬಳಿಗೆ ಒಯ್ಯಬೇಕೋ ಮಂತ್ರವಾದಿಯ ಬಳಿಗೆ ಒಯ್ಯಬೇಕೋ ಎಂಬ ಸಂದೇಹಕ್ಕೆ ಆಸ್ಪದ ದೊರೆಯುವದು ಸಹಜವೇ ಸರಿ.

ಇಂಗ್ಲಿಷಿಗೂ ಕನ್ನಡಕ್ಕೂ ಸೇತುವೆ ಕಟ್ಟಿದವರು ಪಾದ್ರಿಗಳು. ಬಳ್ಳಾರಿಯ ವಿಲಿಯಂ ರೀವ್ ಅವರ ಇಂಗ್ಲಿಷ್-ಕರ್ನಾಟಕ ನಿಘಂಟು 1824ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಕನ್ನಡ-ಇಂಗ್ಲಿಷ್ ಭಾಗವು 1832ರಲ್ಲಿ. ಅದನ್ನು ಸ್ಯಾಂಡರ್‌ಸನ್ ಅವರು ತಿದ್ದಿ 1858ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದರು. 1853ರಲ್ಲಿ ಈ ದೇಶಕ್ಕೆ ಬಂದ ಫರ್ಡಿನಂಡ್ ಕಿಟ್ಟೆಲ್ ಅವರ ಮಹಾಕೋಶವು, ಸುಮಾರು 70,000 ಶಬ್ದಗಳೊಡನೆ, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಿತ್ತು. ಕಿಟ್ಟೆಲ್ಲರ ಶ್ರಮಕ್ಕೆ ಸಾಟಿಯಿಲ್ಲ. ಆದರೆ ಅದು ಕನ್ನಡದಿಂದ ಇಂಗ್ಲಿಷಿಗೆ ಇಳಿಯುವ ಸೋಪಾನ. ಇಂಗ್ಲಿಷಿನಿಂದ ಕನ್ನಡಕ್ಕೆ ಹತ್ತಬೇಕಾದ ವಿದ್ಯಾರ್ಥಿಗೆ ಅದರಿಂದ ನೇರವಾದ ಸಹಾಯವಿಲ್ಲ. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದರಾಸ ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿದ ಮೇಲಂತೂ ಅಧಿಕಾರಿಗಳ ಮರಾಠಿ, ಶಾಲೆಯ ಕನ್ನಡ, ಪರೀಕ್ಷೆಯ ಇಂಗ್ಲಿಷ್ ಎಂಬ ಮೂರು ಭಾಷೆಗಳ ಎಳೆದಾಟದಲ್ಲಿ ನಮ್ಮ ಹುಡುಗರು ಶಬ್ದಕ್ಕೊಂದು ಶಬ್ದವನ್ನು ಬಾಯಿಪಾಠ ಮಾಡಿ ಮುಂದೆ ನಡೆದರು. ಮೈಸೂರು ವಿಶ್ವವಿದ್ಯಾನಿಲಯದ ದೊಡ್ಡ ಇಂಗ್ಲಿಷ್-ಕನ್ನಡ ನಿಘಂಟು ಬಂದದ್ದು 1946ರಲ್ಲಿ.

ಇದರ ನಡುವೆ 'ಕಲ್ಪನೆ'ಯ ಗ್ರಹಗತಿಯು ಬದಲಾಯಿತು. ನಮ್ಮ ಅಲಂಕಾರಿಕರು ಕವಿಯ ಸೃಷ್ಟಿಶಕ್ತಿಗೆ ಇಟ್ಟ ಹೆಸರು 'ಪ್ರತಿಭೆ'. ಹೊಸಹೊಸದಾಗಿ ಅರಳುವ ಪ್ರಜ್ಞೆಯೆಂದು ಭಟ್ಟತೌತನು ಅದನ್ನು ವರ್ಣಿಸಿದನು. ಇಂಗ್ಲಿಷ್ ಕಾವ್ಯವನ್ನೋದಿದ ನಮ್ಮ ಹೊಸ ಕವಿಗಳು ವಿಮರ್ಶಕರು ಇಮ್ಯಾಜಿನೇಶನ್ನಿಗೆ ಕನ್ನಡವನ್ನು ಹುಡುಕುವಾಗ ಪ್ರತಿಭೆಯ ಜೊತೆಗೆ ಕಲ್ಪನೆಯನ್ನೂ ಎತ್ತಿ ಗದ್ದುಗೆಯ ಮೇಲೆ ಕೂಡಿಸಿದರು. ತಾರ್ಕಿಕನ ಮನೆಯಲ್ಲಿ ಊಳಿಗಕ್ಕಿದ್ದ ಶಬ್ದವು ಕವಿಯ ಮನೆಯಲ್ಲಿ ಯಜಮಾನಿಯಾಯಿತು. ಆದರೆ ಪೇಟೆಯ ಮಾತಿನಲ್ಲಿ ಅದರ ಹಳೆಯ ಅಪಕೀರ್ತಿಯು ತೊಲಗಲಿಲ್ಲ. 'ಅದೆಲ್ಲ ನಿನ್ನ ಕಲ್ಪನೆ' ಎಂದರೆ ಇಂದಿಗೂ, ನೀನು ಕಟ್ಟಿ ಹೇಳುತ್ತಿದ್ದೀ ಎಂದೇ ಅರ್ಥ.

ಬೇರೆ ದೇಶದವರು ಈ ತೊಡಕನ್ನು ಹೇಗೆ ಬಿಡಿಸಿಕೊಂಡರೆಂದು ನೋಡಿದರೆ ಚೀನರ ಉದಾಹರಣೆಯು ಸೊಗಸಾಗಿದೆ. ಅವರಲ್ಲಿ ಕಲ್ಪನೆಗೆ 'ಶಿಯಾಂಗ್‌ಶಿಯಾಂಗ್' ಎನ್ನುತ್ತಾರೆ. ಅದರ ಎರಡನೆಯ ಅಕ್ಷರಕ್ಕೆ ಆನೆಯೆಂದರ್ಥ! ಕ್ರಿಸ್ತಪೂರ್ವ 3ನೆಯ ಶತಮಾನದ ಹಾನ್ ಫೇ ಎಂಬ ಪಂಡಿತನು ಇದಕ್ಕೆ ಕಾರಣವನ್ನು ಹೇಳಿದ್ದಾನೆ. ಜನರಿಗೆ ಜೀವಂತ ಆನೆಯು ನೋಡಸಿಗುವದು ಅಪರೂಪ. ಸತ್ತ ಆನೆಯ ಎಲುಬುಗಳು ಸಿಕ್ಕಾಗ ಅವುಗಳನ್ನು ನೋಡಿ ಬದುಕಿದ್ದ ಆನೆಯನ್ನು ಮನಸ್ಸಿನಲ್ಲಿ ತಂದುಕೊಳ್ಳುತ್ತಾರೆ. ಆದಕಾರಣ ಮನಸ್ಸಿನಿಂದ ಕಾಣುವ ಆಕಾರಕ್ಕೆ ಆನೆಯ ಹೆಸರೇ ಬಂದಿತೆಂದು. ದಾಂಡೇಲಿಯ ಕಾಡಿನಿಂದಿಳಿದ ಆನೆಗಳು ಗದ್ದೆಯನ್ನು ತುಳಿದು ಹೋಗುವದನ್ನು ಬಲ್ಲ ಯಲ್ಲಾಪುರದ ರೈತನಿಗೆ ಆನೆಯನ್ನು ಕಲ್ಪಿಸಿಕೊಳ್ಳುವ ಅಗತ್ಯವಿಲ್ಲ. ಬೆಳಿಗ್ಗೆ ಹೆಜ್ಜೆಯನ್ನು ನೋಡಿ ರಾತ್ರಿಯ ಹಿಂಡನ್ನು ಎಣಿಸುವ ವಿದ್ಯೆಯು ಮಾತ್ರ ಹಾನ್ ಫೇಯ ಜನರದ್ದೇ.

ಭ್ರಾಂತಿಗೆ ಚೀನರ ಶಬ್ದ 'ಹ್ವಾನ್‌ಚುಏ'. ಇದರ ಮೊದಲಿನ 'ಹ್ವಾನ್' ಎಂಬದನ್ನೇ ಬೌದ್ಧ ಗ್ರಂಥಗಳನ್ನು ಚೀನಿಗೆ ತಿರುಗಿಸಿದವರು ಸಂಸ್ಕೃತದ 'ಮಾಯೆ'ಗೆ ಬಳಸಿದರು. 'ಚುಏ' ಎಂದರೆ ಇಂದ್ರಿಯದ ಅರಿವು. ಹೀಗೆ ನಮ್ಮ ಮಾಯೆಯು ಬೌದ್ಧ ಭಿಕ್ಷುಗಳೊಡನೆ ಹೋಗಿ, ಇಂದು ಚೀನದ ವೈದ್ಯನ ಚೀಟಿಯಲ್ಲಿ ಕುಳಿತಿದೆ. ನಾಗಾರ್ಜುನಕೊಂಡದ 3ನೆಯ ಶತಮಾನದ ಒಂದು ಶಾಸನದಲ್ಲಿ, ಸಿಂಹಳದ ಆಚಾರ್ಯರು ಬೌದ್ಧಧರ್ಮಕ್ಕೆ ಒಲಿಸಿದ ದೇಶಗಳ ಪಟ್ಟಿಯಿದ್ದು, ಅದರಲ್ಲಿ ಚೀನ ಎಂಬ ಹೆಸರೂ ನಮ್ಮ ವನವಾಸಿಯ ಹೆಸರೂ ಜೊತೆಜೊತೆಯಾಗಿ ಬಂದಿವೆ. ಚೀನೀ ವಿದ್ಯಾರ್ಥಿಗೆ ಇಂಗ್ಲಿಷಿನ ಈ ಎರಡು ಶಬ್ದಗಳನ್ನು ಕಲಿಯುವಾಗ ಗಲಿಬಿಲಿಯು ಕಡಿಮೆ. ಅವನ ಭಾಷೆಯಲ್ಲಿ ಒಂದರಲ್ಲಿ ಆನೆಯಿದೆ, ಇನ್ನೊಂದರಲ್ಲಿ ಮಾಯೆಯಿದೆ.

ಇನ್ನು ನಮ್ಮ ಮನೆಯ ಸಂಗತಿ. ಸಿದ್ದಾಪುರದ ಕಡೆಯ ಒಂದು ಹಳ್ಳಿಯಲ್ಲಿದ್ದ ನನ್ನ ದೊಡ್ಡಾಯಿಯು ಪ್ರಾಯಕ್ಕೆ ಬಂದ ಮಗನನ್ನು ಕಳೆದುಕೊಂಡಳು. ಅದಾದ ಕೆಲವು ತಿಂಗಳ ಮೇಲೆ, ದೀಪ ಹಚ್ಚುವ ಹೊತ್ತಿಗೆ ದಣಪೆ ಸರಿಸಿದ ಸಪ್ಪಳವೂ ಅವನ ಕೆಮ್ಮೂ ಅವಳಿಗೆ ಕೇಳತೊಡಗಿದವು. ಅವಳು ಎದ್ದು ಹೋಗಿ ಬಾಗಿಲು ತೆಗೆಯುತ್ತಿದ್ದಳು. ಗಾಳಿಯ ಸೋಂಕು ಎಂದರು ಕೆಲವರು. ಸೊಪ್ಪಿನ ಬೆಟ್ಟದ ಚೌಡಿಗೆ ಕಾಯಿ ಒಡೆಸಿರೆಂದರು ಕೆಲವರು. ಕಾಯಿಯೂ ಆಯಿತು. ಕಡೆಗೆ ವೈದ್ಯರಲ್ಲಿಗೆ ಕರೆದೊಯ್ದಾಗ ಅವರು ಎಲ್ಲವನ್ನೂ ಸಾವಧಾನವಾಗಿ ಕೇಳಿ, ಇಂಗ್ಲಿಷಿನಲ್ಲಿ ಹ್ಯಾಲ್ಯೂಸಿನೇಶನ್ ಎಂದು ಬರೆದುಕೊಟ್ಟರು. ಮನೆಯಲ್ಲಿ ಇಂಗ್ಲಿಷ್ ಕಲಿತವನು ನಾನೊಬ್ಬನೇ. ಎಲ್ಲರ ಎದುರಿಗೆ ಚೀಟಿಯನ್ನೋದಿ, ಶಾಲೆಯಲ್ಲಿ ಕಲಿತ ಧೈರ್ಯದಿಂದ 'ಇದು ಕಲ್ಪನೆ' ಎಂದು ಅರ್ಥ ಹೇಳಿದೆನು. ದೊಡ್ಡಾಯಿಯು ನನ್ನ ಮುಖವನ್ನು ನೋಡಿ, "ಆನು ಸುಳ್ಳು ಹೇಳ್ತ್ನಿಲ್ಲೆ ತಮಾ, ಯಂಗೆ ಕೇಳ್ತು" ಎಂದಳು. ಆಮೇಲೆ ಅವಳು ಆ ವಿಷಯವನ್ನು ಯಾರೆದುರಿಗೂ ಎತ್ತಲಿಲ್ಲ. ಕೇಳುವದು ನಿಂತಿತೆಂದಲ್ಲ, ಸಂಜೆ ಅವಳ ಕಣ್ಣು ದಣಪೆಯ ಕಡೆಗೆ ಹೋಗುವದನ್ನು ನಾವು ನೋಡುತ್ತಲೇ ಇದ್ದೆವು. ಹೇಳುವದು ಮಾತ್ರ ನಿಂತಿತು. ಮದ್ದನ್ನೂ ಅವಳು ಸರಿಯಾಗಿ ತೆಗೆದುಕೊಳ್ಳಲಿಲ್ಲ. ಕಟ್ಟುಕಥೆಗೆ ಯಾರಾದರೂ ಮದ್ದು ಕುಡಿಯುತ್ತಾರೆಯೇ?

ಆಗ ನನಗೆ ತಿಳಿಯದಿದ್ದ ಎರಡು ಸಂಗತಿಗಳಿವೆ. ಕಿಟ್ಟೆಲ್ ಕೋಶವು ಹೊರಬಿದ್ದ 1894ರಲ್ಲಿಯೇ, ಇಂಗ್ಲೆಂಡಿನಲ್ಲಿ ಸುಮಾರು 17,000 ಜನರನ್ನು ವಿಚಾರಿಸಿ ಸಿದ್ಧಪಡಿಸಿದ ಒಂದು ವರದಿಯು ಪ್ರಕಟವಾಯಿತು. ಎಚ್ಚತ್ತಿರುವಾಗಲೇ ಇಲ್ಲದ್ದನ್ನು ಕಂಡೆವು, ಕೇಳಿದೆವು ಎಂದವರು ಅದರಲ್ಲಿ ಹತ್ತರಲ್ಲೊಬ್ಬರಿದ್ದರು. 1971ರಲ್ಲಿ ಡೀವಿ ರೀಸ್ ಎಂಬ ವೈದ್ಯರು ವೇಲ್ಸ್ ಪ್ರಾಂತದಲ್ಲಿ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಜನರನ್ನು ಮಾತನಾಡಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಸತ್ತವರ ಸನ್ನಿಧಿಯು ಯಾವುದೋ ಒಂದು ಬಗೆಯಿಂದ ಅನುಭವಕ್ಕೆ ಬಂದಿತ್ತು. ಬಹುಮಂದಿ ಅದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಹುಚ್ಚಿನ ಲಕ್ಷಣವಾಗುವದಕ್ಕಿಂತ ಹೆಚ್ಚಾಗಿ ದುಃಖದ ಲಕ್ಷಣವೂ ಅದಾಗಿರಬಹುದೆಂದಾಯಿತು. ನಮ್ಮಲ್ಲಿ ಮನೋವೈದ್ಯವನ್ನು ಕನ್ನಡದಲ್ಲಿ ಬರೆದವರಲ್ಲಿ ಅಗ್ರಗಣ್ಯರಾದ ಡಾ. ಎಂ. ಶಿವರಾಂ ಅವರು, 'ರಾಶಿ' ಎಂಬ ಹೆಸರಿನಿಂದ ನಾಡನ್ನು ನಗಿಸಿದವರು, 'ಮನಮಂಥನ'ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದರು. ಆದರೂ ಡಿಲ್ಯೂಜನ್ ಹ್ಯಾಲ್ಯೂಸಿನೇಶನ್ ಎರಡಕ್ಕೂ 'ಭ್ರಮೆ' ಎಂದೇ ಬರೆಯುವ ರೂಢಿಯು ಇನ್ನೂ ಹೋಗಿಲ್ಲ. ನಂಬಿಕೆಯ ದೋಷಕ್ಕೆ ಭ್ರಮೆಯನ್ನೂ, ಇಂದ್ರಿಯದ ತೋರಿಕೆಗೆ ಭ್ರಾಂತಿಯನ್ನೂ ಮೀಸಲಿಟ್ಟರೆ ಒಳ್ಳೆಯದೆಂದು ನನ್ನ ಅಭಿಪ್ರಾಯ; ಪಂಡಿತರು ಬೇರೆ ಹೇಳಿದರೆ ತಿದ್ದಿಕೊಳ್ಳುವೆನು.

ಇತ್ತೀಚೆಗೆ ಈ ಇಂಗ್ಲಿಷ್ ಶಬ್ದವು ಇನ್ನೊಂದು ಅವತಾರವನ್ನೆತ್ತಿದೆ. ಪ್ರಶ್ನೆಗಳಿಗೆ ಉತ್ತರ ಬರೆಯುವ ಗಣಕಯಂತ್ರಗಳು ಇಲ್ಲದ ಗ್ರಂಥ, ನಡೆಯದ ಘಟನೆಗಳನ್ನು ಗಂಭೀರವಾಗಿ ಹೇಳುವದಕ್ಕೆ ಅವೇ ಹೆಸರನ್ನು ಹಚ್ಚಿದ್ದಾರೆ; 2023ರಲ್ಲಿ ಕೇಂಬ್ರಿಜ್ ನಿಘಂಟಿನವರು ಅದರ ಕ್ರಿಯಾಪದವನ್ನು ವರ್ಷದ ಶಬ್ದವೆಂದು ಆರಿಸಿದರು. ಎಸ್ಕಿರೋಲನು ಒಪ್ಪಲಾರನು; ಕಣ್ಣೂ ಕಿವಿಯೂ ಇಲ್ಲದ ಯಂತ್ರಕ್ಕೆ ಇಂದ್ರಿಯದ ಭ್ರಾಂತಿಯೆಲ್ಲಿ ಬಂತು? ಪತಂಜಲಿಯ ಯೋಗಶಾಸ್ತ್ರದಲ್ಲಿ ಚಿತ್ತದ ವೃತ್ತಿಗಳನ್ನು ಎಣಿಸುವಾಗ, ವಿಪರ್ಯಯದಿಂದ ಬೇರ್ಪಡಿಸಿ 'ವಿಕಲ್ಪ' ಎಂಬ ಒಂದನ್ನು ಹೇಳಿದೆ. ಹಿಂದೆ ವಸ್ತುವೇ ಇಲ್ಲದೆ ಕೇವಲ ಶಬ್ದದ ಬೆನ್ನು ಹತ್ತಿ ಹೊರಡುವ ಜ್ಞಾನವು ಅದು. ಆ ಯಂತ್ರಕ್ಕೆ ಇದಕ್ಕಿಂತ ತಕ್ಕ ಹೆಸರು ಯಾವ ಭಾಷೆಯಲ್ಲಿದೆಯೋ ಕಾಣೆ.

ದೊಡ್ಡಾಯಿಯ ಮಾತಿನ ವ್ಯಾಕರಣವನ್ನು ನಾನು ಎಷ್ಟೋ ವರ್ಷಗಳ ಮೇಲೆ ಯೋಚಿಸಿದೆನು. ಇಂಗ್ಲಿಷಿನವನು 'ನಾನು ಕೇಳುತ್ತೇನೆ' ಎನ್ನುತ್ತಾನೆ. ಕೇಳುವವನೇ ಅಲ್ಲಿ ಕರ್ತೃ. ಕನ್ನಡವು ಇಂಥಲ್ಲಿ ಚತುರ್ಥಿಯನ್ನು ಹಿಡಿಯುತ್ತದೆ: ನನಗೆ ಕೇಳುತ್ತದೆ, ನನಗೆ ಕಾಣುತ್ತದೆ, ನನಗೆ ತೋರುತ್ತದೆ. ಸಪ್ಪಳವು ಹೊರಗೆ ಇತ್ತೆಂದು ಆ ವಾಕ್ಯವು ಹಟ ಹಿಡಿಯುವದಿಲ್ಲ. ನಾನು ಅದನ್ನು ಮಾಡಿದೆನೆಂದೂ ಒಪ್ಪುವದಿಲ್ಲ. ನನ್ನಲ್ಲಿಗೆ ಬಂದಿತೆಂದಷ್ಟೇ ಹೇಳುತ್ತದೆ. ಎಸ್ಕಿರೋಲನು ಒಂದು ಉದ್ದನೆಯ ವಾಕ್ಯದಲ್ಲಿ ಹೇಳಿದ್ದನ್ನು ಅವಳು ಎರಡೇ ಶಬ್ದಗಳಲ್ಲಿ ಹೇಳಿದ್ದಳು.

ಅವಳನ್ನು ಎರಡನೆಯ ಸಲ ವೈದ್ಯರಲ್ಲಿಗೆ ಕರೆದೊಯ್ಯುವಾಗ ನಾನೇ ಜೊತೆಗೆ ಹೋದೆನು. ಅವರು ಕೇಳಿದ್ದಕ್ಕೆ ಈ ಸಲ ಅರ್ಥವನ್ನೇನೂ ಹೇಳಲಿಲ್ಲ. "ಇವರಿಗೆ ಕೇಳುತ್ತದಂತೆ" ಎಂದೆನು. ದೊಡ್ಡಾಯಿಯು ಸೆರಗನ್ನು ಸರಿಪಡಿಸಿಕೊಂಡು, ಯಾವ ಹೊತ್ತಿಗೆ, ಎಷ್ಟು ಸಲ, ಕೆಮ್ಮು ಹೇಗೆಂಬದನ್ನೆಲ್ಲ ತಾನೇ ಹೇಳತೊಡಗಿದಳು.